ಎಂಬತ್ತು ಪೌಂಡ್ ಗಾಳಿ

ಮನೆಯೊಳಗಿನ ಸಿಟ್ಟು ಬೀದಿಯ ಸಿಟ್ಟಿನ ಹಾಗಲ್ಲ. ಅದು ಮೂರು ಹೊತ್ತೂ ಎದುರುಬದುರು ಕೂತು ಉಣ್ಣುತ್ತದೆ, ಒಂದೇ ಬಚ್ಚಲಲ್ಲಿ ಕೈ ತೊಳೆಯುತ್ತದೆ, ದೇವರಿಗೆ ಕೈಮುಗಿಯುವಾಗಲೂ ಪಕ್ಕದಲ್ಲೇ ನಿಂತಿರುತ್ತದೆ. ಆ ಬ್ರೆಡ್ಡಿನಂಗಡಿಯ ಮನೆಯಲ್ಲಿ ಅಂಥದೊಂದು ಸಿಟ್ಟು ಒಂದೂವರೆ ವರ್ಷದಿಂದ ವಾಸವಾಗಿತ್ತು.

ಮನೆಯಲ್ಲಿದ್ದವರು ಐದು ಜನ. ಬೀದಿಗೆ ತೆರೆದ ಮುಂಗೋಣೆಯಲ್ಲಿ ಸೊಸೆಯ ಬ್ರೆಡ್ಡಿನಂಗಡಿ. ಅದರ ಮಗ್ಗುಲಿಗೆ, ಕಿಟಕಿಯಷ್ಟೇ ಅಗಲದ ಜಾಗದಲ್ಲಿ ಅವಳ ಗಂಡನ ಬೀಗ ರಿಪೇರಿ. ಒಳಗೆ ಅತ್ತೆ, ಶಾಲೆಯ ಕೊನೆಯ ವರ್ಷದಲ್ಲಿದ್ದ ಮಗಳು, ಮತ್ತು ಮದುವೆಯ ಮಾತೆತ್ತಿದರೆ ಸಾಕು ಗಾಡಿ ತೊಳೆಯಲು ಹೊರಟುಬಿಡುತ್ತಿದ್ದ ಮೈದುನ. ಅವನದೊಂದು ಪಿಕಪ್ ಗಾಡಿ. ಬೆಳಿಗ್ಗೆ ಖಾಲಿ ಹೋಗಿ, ಗೋದಾಮಿನಿಂದ ಸಾಮಾನು ತುಂಬಿಕೊಂಡು ಅಂಗಡಿ ಅಂಗಡಿಗೆ ಇಳಿಸುವುದು ಅವನ ಕೆಲಸ.

ಒಂದೂವರೆ ವರ್ಷದ ಹಿಂದೆ ಸೊಸೆ ಒಂದು ಟ್ರೇಲರ್ ಮಾಡಿಸಿ, ಅದರ ಮೇಲೆ ಒಲೆ ಕೂರಿಸಿದ್ದಳು. ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಭಾನುವಾರದ ಸಂತೆಗೆ ಹೋಗಿ, ಅಲ್ಲೇ ಬಿಸಿಬಿಸಿ ಬ್ರೆಡ್ ಬೇಯಿಸಿ ಮಾರಬೇಕೆಂದು ಅವಳ ಆಸೆ. ಮೊದಲ ಭಾನುವಾರವೇ ಇಳಿಜಾರಿನ ತಿರುವಿನಲ್ಲಿ ಟ್ರೇಲರ್ ಅತ್ತಿತ್ತ ಬೀಸಿ ಮಗುಚಿತು. ದೇವರು ದೊಡ್ಡವನು, ಯಾರಿಗೂ ಗಾಯವಾಗಲಿಲ್ಲ. ಒಲೆ ಮಾತ್ರ ಅಪ್ಪಚ್ಚಿಯಾಯಿತು. ಸೇರಿದ ಜನರ ನಡುವೆ ನಿಂತು ಮೈದುನ, "ಅತ್ತಿಗೆ ಒಲೇನ ತೀರಾ ಹಿಂದಕ್ಕೆ ಇಟ್ಟು ಕಟ್ಟಿದ್ರು. ಇನ್ನೇನಾಗುತ್ತೆ?" ಎಂದುಬಿಟ್ಟ.

ಸೊಸೆ ಅವನ ಪಕ್ಕದ ಸೀಟಿನಲ್ಲೇ ಇದ್ದವಳು. ವೇಗದ ಮುಳ್ಳು ತೊಂಬತ್ತರ ಮೇಲಿದ್ದುದನ್ನು ಕಣ್ಣಾರೆ ಕಂಡವಳು, "ನಿಧಾನ ಕಣೋ" ಎಂದು ಎರಡು ಸಲ ಹೇಳಿದವಳು. ಆದರೆ ಬೀದಿ ಮೊದಲು ಕೇಳಿದ ಮಾತನ್ನೇ ನಂಬಿತು. ಬ್ರೆಡ್ ಕೊಳ್ಳಲು ಬರುವವರು ಅವಳ ಬೆನ್ನ ಹಿಂದೆ "ಒಲೆ ಬೀಳಿಸಿದಮ್ಮ" ಅನ್ನತೊಡಗಿದರು. ಆಮೇಲೆ ಎದುರಿಗೂ ಅಂದರು.

"ತಪ್ಪು ನಂದು ಅಂತ ಒಂದೇ ಒಂದು ಸಲ ಹೇಳು. ಒಲೆ ಹೋದ್ರೆ ಹೋಗ್ಲಿ," ಎಂದು ಅವಳು ಮೈದುನನನ್ನು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ.

"ಆಗಿದ್ದು ಆಗೋಯ್ತಲ್ಲ ಅತ್ತಿಗೆ, ಅದನ್ನೇ ಎಷ್ಟು ದಿನ ಅರೀತೀರ?" ಎಂಬುದು ಅವನ ಉತ್ತರ.

"ಬಿಡೇ," ಎಂಬುದು ಗಂಡನ ಉತ್ತರ. ಬೇರೆಯವರ ಮನೆಯ ಬೀಗಗಳನ್ನು ಸಲೀಸಾಗಿ ತೆಗೆಯುವ ಅವನಿಗೆ ತಮ್ಮನ ಬಾಯಿ ಬಿಡಿಸುವುದು ಮಾತ್ರ ಬರುತ್ತಿರಲಿಲ್ಲ.

ಈಗ ಹೊಸ ಒಲೆ ಬಂದಿತ್ತು. ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಕೂತಿತ್ತು. ಹೊಸ ಟ್ರೇಲರ್ ವೆಲ್ಡಿಂಗ್ ಅಂಗಡಿಯಲ್ಲಿ ತಯಾರಾಗುತ್ತಿತ್ತು. ಒಂದು ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ಮೈದುನ ಘೋಷಿಸಿದ:

"ಗಾಡಿಗೆ ಏರ್ ಬ್ಯಾಗ್ ಹಾಕಿಸ್ತೀನಿ. ಹಿಂದಿನ ಕಮಾನು ಪಟ್ಟಿ ಹತ್ರ ಎರಡು ಗಾಳಿಚೀಲ ಕೂರಿಸ್ತಾರೆ. ಟ್ರೇಲರ್ ಕಟ್ಟಿದ್ರೂ ಗಾಡಿ ಬಾಲ ಕುಸಿಯಲ್ಲ. ಇನ್ಮೇಲೆ ಅತ್ತಿಗೆ ಒಲೇನ ಹಿಂದೆ ಇಡ್ಲಿ, ಮುಂದೆ ಇಡ್ಲಿ, ತಲೆಕೆಳಗೇ ಇಡ್ಲಿ, ಚಿಂತೆ ಇಲ್ಲ."

ಅತ್ತೆ ನಕ್ಕರು. ಗಂಡನೂ ಸಾರಿನ ಬಟ್ಟಲ ಮೇಲೆ ತಲೆ ಬಗ್ಗಿಸಿ ನಕ್ಕ. ಸೊಸೆ ನಗಲಿಲ್ಲ. ಮೈದುನನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ಹಾಕಿಸಪ್ಪಾ," ಎಂದಳು.

ಮೆಕ್ಯಾನಿಕ್ ಹಿತ್ತಲಿಗೇ ಬಂದ. ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಗಾಡಿಯ ಕೆಳಗೆ ಅಂಗಾತ ಮಲಗಿ, ಆಕ್ಸಲ್ಲಿಗೂ ಚಾಸಿಗೂ ನಡುವೆ ಎರಡು ಕಡೆಯೂ ಕುಂಬಳಕಾಯಿ ಗಾತ್ರದ ರಬ್ಬರ್ ಚೀಲ ಕೂರಿಸಿದ. ಗಾಳಿಯ ಪೈಪನ್ನು ಸೈಲೆನ್ಸರ್ ಶಾಖ ತಗಲದಂತೆ ದೂರದಿಂದ ಎಳೆದು ತಂದು, ನಂಬರ್ ಪ್ಲೇಟಿನ ಕೆಳಗೆ ಎರಡು ವಾಲ್ವ್ ಇಟ್ಟ. ಎಡದ ಚೀಲಕ್ಕೊಂದು, ಬಲದ ಚೀಲಕ್ಕೊಂದು.

"ಸ್ವಲ್ಪ ಸೋಪಿನ ನೀರು ಕೊಡಿ ಅಮ್ಮಾ, ಎಲ್ಲಾದ್ರೂ ಸೋರುತ್ತಾ ನೋಡೋಣ."

ಸೊಸೆ ಪಾತ್ರೆ ತೊಳೆಯುವ ಸೋಪನ್ನೇ ನೀರಿಗೆ ಕದಡಿ ತಂದಳು. ಅವನು ಅದನ್ನು ಜೋಡಣೆಗಳಿಗೆಲ್ಲ ಬಳಿದು ಗುಳ್ಳೆ ಬರುತ್ತದೆಯೇ ಎಂದು ನೋಡಿದ. ಬರಲಿಲ್ಲ.

"ಈಗ ಕೇಳಿಸ್ಕೊಳಿ," ಎಂದ ಮೆಕ್ಯಾನಿಕ್. "ಗಾಡಿ ಖಾಲಿ ಇದ್ದಾಗ ಎರಡರಲ್ಲೂ ಐದು ಪೌಂಡ್ ಸಾಕು. ಟ್ರೇಲರ್ ಕಟ್ಟಿದಾಗ ಐವತ್ತು. ಖಾಲಿ ಗಾಡಿಗೆ ಜಾಸ್ತಿ ತುಂಬಿದ್ರೆ ಗಾಡಿ ಕಲ್ಲಾಗುತ್ತೆ, ಕೂತವರ ಮೂಳೆ ಎಣಿಸುತ್ತೆ. ಇನ್ನೊಂದು, ಚೀಲ ಬಾಲ ಎತ್ತುತ್ತೆ ಅಷ್ಟೆ. ಹೊರೋ ತಾಕತ್ತೂ ಹೆಚ್ಚಲ್ಲ, ಬ್ರೇಕೂ ಹೆಚ್ಚಲ್ಲ. ಜೋರಾಗಿ ಓಡಿಸಿದ್ರೆ ಆವಾಗ ಬಿದ್ದ ಹಾಗೇ ಈಗಲೂ ಬೀಳುತ್ತೆ."

ಸೊಸೆ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಮೈದುನ ಬೇಲಿಯಾಚೆ ಪಕ್ಕದ ಮನೆಯವನಿಗೆ ಗಾಡಿ ತೋರಿಸುವುದರಲ್ಲಿದ್ದ. ಸಂಜೆ ಮೆಕ್ಯಾನಿಕ್ಕನಿಗೂ ಅವನಿಗೂ ಕೂಲಿಯ ವಿಷಯಕ್ಕೆ ಜಗಳವಾಗಿ, "ಇನ್ನು ನಿನ್ನ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೇಳು" ಎಂಬಲ್ಲಿಗೆ ಮುಟ್ಟಿತು.

ಮಾರನೆಯ ದಿನ ಬೆಳಿಗ್ಗೆ ಐದು ಗಂಟೆಗೆ, ಹಿಟ್ಟು ಕಲೆಸುವ ಯಂತ್ರ ಗಡಗಡ ಎನ್ನುತ್ತಿರುವಾಗ, ಸೊಸೆ ಕಾಲಿನಿಂದ ಒತ್ತುವ ಸೈಕಲ್ ಪಂಪು ಹಿಡಿದು ಹಿತ್ತಲಿಗೆ ಹೋದಳು. ನಂಬರ್ ಪ್ಲೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ವಾಲ್ವಿಗೆ ಪಂಪು ಸಿಕ್ಕಿಸಿದಳು. ಎದ್ದು ನಿಂತು ತುಳಿದಳು. ಚೀಲ ಸಣ್ಣದು, ಪಂಪಿನ ಗೇಜಿನ ಮುಳ್ಳು ಬೇಗ ಬೇಗ ಏರಿತು. ಇಪ್ಪತ್ತು. ಐವತ್ತು. ಎಂಬತ್ತಕ್ಕೆ ನಿಲ್ಲಿಸಿ, ಇನ್ನೊಂದು ಬದಿಗೂ ಅಷ್ಟೇ ತುಂಬಿದಳು. ಮುಚ್ಚಳ ತಿರುಗಿಸಿ, ಒಳಗೆ ಹೋಗಿ ಹಿಟ್ಟು ಮುಟ್ಟಿ ನೋಡಿದಳು. ಹದವಾಗಿತ್ತು.

ಮೈದುನ ಆರು ಗಂಟೆಗೆ ಹೊರಗೆ ಬಂದವನು ಗಾಡಿಯನ್ನು ಸುತ್ತು ಹಾಕಿ ನೋಡಿ ಹಿಗ್ಗಿದ. "ನೋಡಣ್ಣಾ, ಬಾಲ ಎತ್ಕೊಂಡು ಹೇಗೆ ನಿಂತಿದೆ! ಕುದುರೆ ಕುದುರೆ!"

"ಹತ್ತಪ್ಪಾ, ಸವಾರಿ ಮಾಡು," ಎಂದಳು ಅತ್ತಿಗೆ ಒಳಗಿನಿಂದ.

ಗೋದಾಮಿನ ದಾರಿ ಹೊಂಡಗಳ ದಾರಿ. ಮೊದಲ ವಾರ ಅವನು ರಸ್ತೆಯವರನ್ನು ಬೈದ. ಎರಡನೆಯ ವಾರ ಸೀಟಿನ ಮೇಲೆ ದಿಂಬು ಹಾಕಿಕೊಂಡ. ಮೂರನೆಯ ವಾರ ದಿಂಬು ಎರಡಾದವು, ತಲೆ ಗಾಡಿಯ ಮಾಡಿಗೆ ತಾಗತೊಡಗಿತು. ಸಾಮಾನು ತುಂಬಿದ ಮೇಲೆ ಗಾಡಿ ಸಾಧುವಾಗುತ್ತಿದ್ದುದರಿಂದ ಅವನಿಗೆ ಅನುಮಾನವೇ ಬರಲಿಲ್ಲ. ಮನೆಗೆ ಬಂದು ಗೋಡೆ ಹಿಡಿದು ನಡೆಯುತ್ತಿದ್ದ. ಊಟವನ್ನು ನಿಂತೇ ಮಾಡುತ್ತಿದ್ದ.

"ಕೂತ್ಕೊಳೋ," ಎನ್ನುವರು ಅತ್ತೆ.

"ಕೂತ್ಕೊಳೋ ಜಾಗಾನೇ ನೋಯ್ತಿದೆ ಅಮ್ಮಾ."

"ಇಷ್ಟು ವಯಸ್ಸಿಗೇ?"

"ಆ ಮೆಕ್ಯಾನಿಕ್ ಹಳೇ ಚೀಲ ಹಾಕಿ ಟೋಪಿ ಹಾಕಿದಾನೆ. ನಾನಂತೂ ಅವನ ಹತ್ರ ಸತ್ರೂ ಹೋಗಲ್ಲ."

"ಹೋಗ್ಬೇಡ," ಎನ್ನುವಳು ಅತ್ತಿಗೆ, ಆಲೂಗಡ್ಡೆ ಬಡಿಸುತ್ತ. "ಮರ್ಯಾದೆ ಪ್ರಶ್ನೆ."

ದಿನಾ ಬೆಳಿಗ್ಗೆ ಐದಕ್ಕೆ, ಇಳಿದಷ್ಟು ಗಾಳಿಯನ್ನು ಅವಳು ಮತ್ತೆ ಎಂಬತ್ತಕ್ಕೆ ಏರಿಸಿಡುತ್ತಿದ್ದಳು. ಆ ವಾರಗಳಲ್ಲಿ ಅವಳ ಕೈ ಹಿಟ್ಟನ್ನು ಎಂದಿಗಿಂತ ಚೆನ್ನಾಗಿ ನಾದುತ್ತಿತ್ತು. ಬ್ರೆಡ್ಡು ಹೂವಿನ ಹಾಗೆ ಉಬ್ಬುತ್ತಿತ್ತು. ಅತ್ತೆ ಮಗನ ಸೊಂಟಕ್ಕೆ ಎಣ್ಣೆ ತಿಕ್ಕುವಾಗ ಅವನು "ಅಯ್ಯಯ್ಯೋ" ಎಂದರೆ, ಅಡುಗೆಮನೆಯಲ್ಲಿ ಸೊಸೆ ತಟ್ಟೆ ಒರೆಸುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಐದನೆಯ ವಾರ ಮಗಳು ಬೆಳಿಗ್ಗೆ ಓದಲೆಂದು ಬೇಗ ಎದ್ದವಳು ಹಿತ್ತಲಲ್ಲಿ ತಾಯಿಯನ್ನು ಕಂಡಳು.

"ಅಮ್ಮಾ, ಏನ್ಮಾಡ್ತಿದೀಯ?"

"ಗಾಳಿ ತುಂಬ್ತಿದೀನಿ."

"ಗಾಡಿಗಾ?"

"ನಿನ್ನ ಚಿಕ್ಕಪ್ಪಂಗೆ."

ಮಗಳು ಗೇಜು ನೋಡಿದಳು, ತಾಯಿಯ ಮುಖ ನೋಡಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಗು ಮುಗಿದ ಮೇಲೆ, "ಎಷ್ಟು ದಿನ ಹೀಗೆ?" ಎಂದಳು.

"ಅವನು ಆ ಮಾತು ಹೇಳೋವರೆಗೆ."

"ಚಿಕ್ಕಪ್ಪಂಗೆ ಇದು ಗೊತ್ತೇ ಇಲ್ವಲ್ಲಮ್ಮಾ. ಗೊತ್ತಿಲ್ದೆ ಇರೋದಕ್ಕೆ ಹೇಗೆ ಹೇಳ್ತಾರೆ?"

ಸೊಸೆ ಇನ್ನೆರಡು ಸಲ ತುಳಿದಳು.

ಅತ್ತೆಯ ಎಡಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಆಸ್ಪತ್ರೆಯವರು ಕೊಟ್ಟಿದ್ದ ದಿನ ಏಳನೆಯ ವಾರದ ಶುಕ್ರವಾರ. ಅವತ್ತು ಅವರನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದು ಸೊಸೆಯೇ ಗೊತ್ತುಮಾಡಿದ್ದಳು. ಈ ಮನೆಯಲ್ಲಿ ಅವಳ ಒಲೆ ಹೋದಾಗ ಅವಳ ಜೊತೆ ಕೂತು ಅತ್ತವರು ಅತ್ತೆ ಒಬ್ಬರೇ. ಮಗನಿಗೆ ಒಂದು ಮಾತನ್ನೂ ಅಂದಿರಲಿಲ್ಲ, ಅದು ಬೇರೆ.

ಅದೇ ವಾರದ ಮಂಗಳವಾರ ಅವಳು ಹಿಟ್ಟಿನ ಗಿರಣಿಗೆ ಹೋಗಿ, ಮೂಟೆಗಳು ತೂಗಿ ಮುಗಿಯುವವರೆಗೆ ಕಾದು, ಮಧ್ಯಾಹ್ನ ಅಂಗಡಿಗೆ ಬಂದಾಗ ಗಲ್ಲಾಪೆಟ್ಟಿಗೆಯ ಮುಂದೆ ಮಗಳು ಕೂತಿದ್ದಳು.

"ಅಜ್ಜಿಗೆ ಇವತ್ತೇ ಆಪರೇಷನ್ ಅಂತೆ. ಇವತ್ತಿನ ಪೇಷಂಟ್ ಯಾರೋ ಬರ್ಲಿಲ್ವಂತೆ, ಆಸ್ಪತ್ರೆಯಿಂದ ಫೋನ್ ಬಂತು. ಚಿಕ್ಕಪ್ಪ ಅರ್ಧ ದಾರಿಯಿಂದ ವಾಪಸ್ ಬಂದು ಕರ್ಕೊಂಡು ಹೋದ್ರು. ಅಪ್ಪನೂ ಹೋಗಿದಾರೆ. ನಂಗೆ ಹೊಳೆಯೋದ್ರೊಳಗೆ ಹೊರಟುಬಿಟ್ರು."

"ಯಾವುದರಲ್ಲಿ?"

ಮಗಳು ಹಿತ್ತಲ ಕಡೆ ನೋಡಿದಳು. ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ತಾನೇ ತುಂಬಿದ ಗಾಳಿ. ಗಾಡಿ ಖಾಲಿ. ದಾರಿಯೆಲ್ಲ ಹೊಂಡ. ಕಣ್ಣಿನ ಆಪರೇಷನ್ ಆದವರು ಜೋರಾಗಿ ಕೆಮ್ಮಲೂ ಬಾರದು ಎಂದು ಡಾಕ್ಟರು ಕಾಗದದಲ್ಲೇ ಬರೆದುಕೊಟ್ಟಿದ್ದರು.

ಗಂಡನಿಗೆ ಫೋನ್ ಮಾಡಿದಳು. ಅವನ ಫೋನು ಬೀಗಗಳ ನಡುವೆ, ಪಕ್ಕದ ಅಂಗಡಿಯಲ್ಲೇ ರಿಂಗಾಯಿತು. ಮೈದುನನಿಗೆ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ನಾಲ್ಕನೆಯ ಸಲಕ್ಕೆ ಎತ್ತಿದ.

"ಎಲ್ಲಾ ಸುಸೂತ್ರ ಆಯ್ತು ಅತ್ತಿಗೆ. ಅಮ್ಮನ್ನ ಸೀಟಲ್ಲಿ ಕೂರಿಸಿದೀನಿ, ಹೊರಟ್ವಿ."

"ಹೊರಡ್ಬೇಡ. ಕೆಳಗೆ ಇಳಿ. ನಂಬರ್ ಪ್ಲೇಟ್ ಕೆಳಗೆ ಎರಡು ವಾಲ್ವ್ ಇವೆ, ಮುಚ್ಚಳ ತೆಗೆದು ಮಧ್ಯದ ಸೂಜಿ ಒತ್ತಿ ಗಾಳಿ ಬಿಡು. ಎರಡರಲ್ಲೂ ಐದು ಉಳಿಸು. ಗೇಜು ಸೀಟಿನ ಕೆಳಗೆ ಇರುತ್ತೆ."

"ಈಗ ಎಷ್ಟಿದೆ?"

"ಎಂಬತ್ತು."

"ಎಂಬತ್ತಾ? ಯಾರು ತುಂಬಿದ್ದು?"

ಮೆಕ್ಯಾನಿಕ್ ಅಂದಿದ್ದರೆ ಸಾಕಿತ್ತು. ಅವನು ತಕ್ಷಣ ನಂಬುತ್ತಿದ್ದ, ಮನೆಯೂ ನಂಬುತ್ತಿತ್ತು, ಬೀದಿಯೂ ನಂಬುತ್ತಿತ್ತು. ಆ ಹೆಸರು ಅವಳ ನಾಲಿಗೆಯ ತುದಿಯವರೆಗೆ ಬಂದದ್ದು ಎದುರಿಗೆ ನಿಂತ ಮಗಳಿಗೆ ಕಾಣಿಸಿತು.

"ನಾನು," ಎಂದಳು. "ಏಳು ವಾರದಿಂದ, ದಿನಾ ಬೆಳಿಗ್ಗೆ. ತಪ್ಪು ನಂದು. ಈಗ ಮೊದ್ಲು ಗಾಳಿ ಬಿಡು."

ಅವನು ಗಾಳಿ ಬಿಡುವ ಬುಸ್ ಎಂಬ ಸದ್ದು ಫೋನಿನಲ್ಲೇ ಕೇಳಿಸಿತು. ಎರಡು ಸಲ ಕೇಳಿಸಿದ ಮೇಲೆ ಅವಳು ಸ್ಟೂಲಿನ ಮೇಲೆ ಕೂತು, ಗೋಡೆಯ ದೇವರ ಪಟದ ಕಡೆ ನೋಡಿ, ಕೈಮುಗಿಯಲು ಧೈರ್ಯ ಸಾಲದೆ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು.

ಅಂದಿನ ರಾತ್ರಿ ಊಟದ ಹೊತ್ತಿಗೆ ಮೈದುನನ ಸಂಭ್ರಮ ಹೇಳತೀರದು. ಏಳು ವಾರದಲ್ಲಿ ಮೊದಲ ಸಲ ಕೂತು ಉಂಡ.

"ಕೇಳಿದ್ಯಾ ಅಣ್ಣಾ? ನನ್ನ ಸೊಂಟ ಮುರಿದಿದ್ದು ರಸ್ತೆ ಅಲ್ಲ, ನಿನ್ನ ಹೆಂಡ್ತಿ! ಬೆಳಬೆಳಿಗ್ಗೆ ಎದ್ದು, ಪಂಪು ಹಿಡ್ಕೊಂಡು! ಇವತ್ತು ಅಮ್ಮನ ಕಣ್ಣು ಹೋಗಿದ್ರೆ?"

"ಹೋಗಿದ್ರೆ ನಾನೇ ಹೊಣೆ," ಎಂದಳು ಸೊಸೆ. "ಅದಕ್ಕೇ ಹೇಳ್ದೆ."

ಗಂಡ ತಟ್ಟೆ ತಳ್ಳಿ, "ಹಾವಿಗೂ ಇಷ್ಟು ದ್ವೇಷ ಇರಲ್ಲ ಕಣೇ," ಎಂದ. ಮದುವೆಯಾದ ಮೇಲೆ ಅವನು ಆಡಿದ ಅತಿ ಗಟ್ಟಿ ಮಾತು ಅದು. ಅವಳು ತಲೆ ತಗ್ಗಿಸಿದಳು.

ಎಡಗಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ ಅತ್ತೆ ಆಗ ಬಾಯಿ ತೆರೆದರು.

"ನಿಂಗೆ ಇವಳು ಯಾವಾಗ ಹೇಳಿದ್ಲೋ?"

"ಆಸ್ಪತ್ರೆ ಬಾಗಿಲಲ್ಲಿ. ಇನ್ನೇನು ಗಾಡಿ ಶುರು ಮಾಡ್ತಿದ್ದೆ."

"ಅಂದ್ರೆ ಕೆಡುಕು ಆಗೋ ಮುಂಚೆ ಹೇಳಿದ್ಲು. ನೀನು?"

"ನಾನೇನ್ ಹೇಳ್ಬೇಕು?"

"ನಂಗೆ ಪೊರೆ ಬಂದಿದ್ದು ಕಣ್ಣಿಗೆ. ಕಿವಿಗಲ್ಲ. ಒಂದೂವರೆ ವರ್ಷದಿಂದ ಇವಳು ಕೇಳ್ತಿರೋದೂ ಕೇಳಿಸಿದೆ, ನೀನು ಹೇಳದೆ ಇರೋದೂ ಕೇಳಿಸಿದೆ. ಮಗ ಅಂತ ಸುಮ್ಮನಿದ್ದೆ, ಅದು ನನ್ನ ತಪ್ಪು." ಸೊಸೆಯ ಕಡೆ ತಿರುಗಿದರು. "ನೀನೇನು ಮುಗ್ಧೆ ಅಲ್ಲ. ಏಳು ವಾರ ನೋಯಿಸಿದೀಯ. ಇನ್ನು ಏಳು ವಾರ ಅವನ ಸೊಂಟಕ್ಕೆ ಬಿಸಿನೀರಿನ ಚೀಲ ನೀನೇ ಕಾಯಿಸಿ ಕೊಡಬೇಕು."

"ಆಗ್ಲಿ ಅತ್ತೆ."

"ಮತ್ತೆ ನೀನು," ಎಂದರು ಮಗನಿಗೆ. "ಆ ಮಾತು ಹೇಳೋವರೆಗೆ ನಿನ್ನ ತಟ್ಟೆಗೆ ಇವಳು ಬಡಿಸಲ್ಲ. ನಾನೇ ಬಡಿಸ್ತೀನಿ."

"ಅಯ್ಯೋ, ಅಷ್ಟೇನಾ?" ಎಂದು ಮೈದುನ ನಕ್ಕ.

ಅಷ್ಟೇ ಆಗಿರಲಿಲ್ಲ ಅದು. ಒಂದೇ ಕಣ್ಣಿನಲ್ಲಿ ನೋಡುವವರಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಬುಧವಾರ ಅತ್ತೆ ಹಾಕಿದ ಮೊಟ್ಟೆ ತಟ್ಟೆ ದಾಟಿ ಮೇಜಿನ ಮೇಲೆ ಬಿತ್ತು. ಗುರುವಾರ ನೀರು ಲೋಟದ ಪಕ್ಕದಲ್ಲಿ ಹರಿಯಿತು.

"ತಟ್ಟೆ ಎರಡು ಕಾಣುತ್ತೆ ಕಣೋ. ಯಾವ್ದು ನಿಂದು?"

"ಅಮ್ಮಾ, ಬಿಡಮ್ಮಾ, ನಾನೇ ಹಾಕ್ಕೋತೀನಿ."

"ಮುಟ್ಟಿದ್ರೆ ನೋಡು. ಡಾಕ್ಟ್ರು ನಂಗೆ ಸಿಟ್ಟು ಮಾಡ್ಕೋಬಾರ್ದು ಅಂದಿದಾರೆ."

ಮಗಳು ನಗು ತಡೆಯಲಾರದೆ ಸಾರು ನೆತ್ತಿಗೆ ಹತ್ತಿಸಿಕೊಂಡು ಹೊರಗೆ ಓಡಿದಳು. ಬಿಸಿನೀರಿನ ಚೀಲ ಮಾತ್ರ ದಿನವೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. "ತುಂಬಾ ಸುಡ್ತಿದೆ ಅತ್ತಿಗೆ!" ಎಂದರೆ, "ಐದೇ ಪೌಂಡ್ ಅಪ್ಪಾ," ಎನ್ನುವಳು.

ಗುರುವಾರ ಸಂಜೆಯೇ ಹೊಸ ಟ್ರೇಲರ್ ಬಂದು ಹಿತ್ತಲಲ್ಲಿ ನಿಂತಿತು. ಭಾನುವಾರ ಸಂತೆ. ಒಲೆ ಏರಿಸಲು ಗಂಡ ನಾಲ್ಕು ಜನರನ್ನು ಕರೆದು ತಂದರೆ, ಸೊಸೆ ಅವರಿಗೆ ಚಹಾ ಕೊಟ್ಟು ವಾಪಸ್ ಕಳಿಸಿದಳು.

"ಅವನು ಹೇಳೋವರೆಗೆ ಒಲೆ ಏರಲ್ಲ."

"ಒಲೆ ನಿಂದು ಕಣೇ! ಸಂತೆ ನಿಂದು! ನಷ್ಟ ಯಾರಿಗೆ?"

"ಮತ್ತೆ ಬಿದ್ರೆ ಮತ್ತೆ ನಾನೇ ಬೀಳಿಸ್ದೆ ಅಂತಾರಲ್ಲ ರೀ. ಆ ಹೆಸರು ಹೊತ್ಕೊಂಡು ನಾನು ಸಂತೆಗೆ ಹೋಗಲ್ಲ. ಒಲೆ ಇಲ್ಲೇ ತುಕ್ಕು ಹಿಡೀಲಿ."

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತರು. ಅತ್ತೆ ಸೌಟು ತುಂಬ ಕುದಿಯುವ ಸಾರು ತೆಗೆದು, ಮಗನ ತಟ್ಟೆಯನ್ನು ಒಂದೇ ಕಣ್ಣಿನಿಂದ ಬಹಳ ಹೊತ್ತು ದಿಟ್ಟಿಸಿ, ಪೂರಾ ಅವನ ತೊಡೆಯ ಮೇಲೆ ಸುರಿದರು. ಅವನು ಕುರ್ಚಿ ಬೀಳಿಸಿಕೊಂಡು ಎದ್ದ.

"ಅಮ್ಮಾ! ಅಯ್ಯೋ! ಅವತ್ತು ತೊಂಬತ್ತರಲ್ಲಿ ಓಡ್ಸಿದ್ದು ನಾನೇ! ಅತ್ತಿಗೆ ಒಲೇನ ಸರಿಯಾಗೇ ಇಟ್ಟಿದ್ರು! ತಪ್ಪು ನಂದೇ! ಸಾಕಾ?"

ಗಂಡ ತಮ್ಮನನ್ನೇ ನೋಡುತ್ತ ಚಮಚ ಕೆಳಗಿಟ್ಟ. "ತೊಂಬತ್ತಾ?" ಎಂದ, ಮೆಲ್ಲಗೆ. ಹೆಂಡತಿ ಒಂದೂವರೆ ವರ್ಷ ಹೇಳಿದ ಸಂಖ್ಯೆ ಅವನ ಕಿವಿಗೆ ಇವತ್ತು ಬಿದ್ದಂತಿತ್ತು.

ಅತ್ತೆ ಸೌಟನ್ನು ಸೊಸೆಯ ಕಡೆ ಚಾಚಿದರು. ಸೊಸೆ ತೆಗೆದುಕೊಳ್ಳಲಿಲ್ಲ.

"'ಸಾಕಾ' ಬಿಟ್ಟು ಹೇಳ್ಬೇಕು," ಎಂದಳು. "ಅದೂ ಇಲ್ಲಿ ಅಲ್ಲ. ನೀನು ಸುಳ್ಳು ಹೇಳಿದ್ದು ಬೀದಿ ಜನಕ್ಕೆ. ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ನನ್ನ ಪಕ್ಕ ನಿಂತ್ಕೋ. ಬ್ರೆಡ್ ಸುತ್ತಿ ಕೊಡೋನು ನೀನು. ಒಂದೊಂದು ಬ್ರೆಡ್ ಕೊಡುವಾಗಲೂ ಒಂದೊಂದು ಸಲ."

"ಒಂದೊಂದಕ್ಕೂನಾ? ಎಷ್ಟು ಬೇಯಿಸ್ತೀರ ದಿನಕ್ಕೆ?"

"ನೂರ ಇಪ್ಪತ್ತು."

ಮೈದುನ ತಾಯಿಯನ್ನು ನೋಡಿದ. ತಾಯಿ ಸಾರಿನ ಪಾತ್ರೆಗೆ ಮತ್ತೆ ಸೌಟು ಅದ್ದುತ್ತಿದ್ದರು.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ ಮೊದಲು ಬಂದವನು ಪೇಪರ್ ಹಾಕುವವನು. ಮೈದುನ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ, ಕಾಗದಕ್ಕೆ ಹೇಳುವವನ ಹಾಗೆ ಗೊಣಗಿದ.

"ಏನಂದ್ರಿ?" ಎಂದ ಪೇಪರಿನವನು.

"ಜೋರಾಗಿ," ಎಂದಳು ಅತ್ತಿಗೆ.

"ಅವತ್ತು ಟ್ರೇಲರ್ ಮಗುಚಿದ್ದು ನನ್ನಿಂದ. ಜೋರಾಗಿ ಓಡ್ಸಿದ್ದೆ. ಅತ್ತಿಗೆ ತಪ್ಪಿಲ್ಲ."

ಸುದ್ದಿ ಬ್ರೆಡ್ಡಿಗಿಂತ ಬೇಗ ಹೊರಗೆ ಹೋಯಿತು. ಏಳು ಗಂಟೆಗೆ ಸಾಲು ಮೂಲೆಯವರೆಗೆ ಬೆಳೆದಿತ್ತು. ಒಂದು ಕೊಳ್ಳುವವರು ಎರಡು ಕೊಂಡರು, ಎರಡು ಸಲ ಕೇಳಿಸಿಕೊಂಡರು. "ಒಲೆ ಬೀಳಿಸಿದಮ್ಮ" ಎಂಬ ಹೆಸರನ್ನು ಮೊದಲು ಇಟ್ಟ ಮುದುಕಮ್ಮ ಬಂದು, ಕಿವಿ ಮಂದವೆಂದು ಮೂರು ಸಲ ಹೇಳಿಸಿದಳು. ಮೈದುನನಿಗೆ ರೇಗಿ, "ಇವರೂ ಕಮ್ಮಿ ಇಲ್ಲ! ಏಳು ವಾರ ನನ್ನ ಗಾಡಿಗೆ ಎಂಬತ್ತು ಪೌಂಡ್ ಗಾಳಿ ತುಂಬಿ ಕುಣಿಸಿದಾರೆ," ಎಂದ.

"ಅದೂ ನಿಜ," ಎಂದಳು ಸೊಸೆ ಸಾಲಿಗೆಲ್ಲ ಕೇಳುವ ಹಾಗೆ. "ಅದನ್ನೂ ಸೇರಿಸಿ ಹೇಳು, ನಂದೇನೂ ಅಡ್ಡಿ ಇಲ್ಲ. ಆದ್ರೆ ಮೊದ್ಲು ನಿಂದು, ಆಮೇಲೆ ನಂದು."

ಒಂಬತ್ತು ದಾಟಿತು. ಅವನ ಗಂಟಲು ಕಟ್ಟಿತು, ಅವಳು ಬಿಸಿನೀರು ಕೊಟ್ಟಳು. ಸಾಲು ಕರಗುತ್ತ ಬಂತು. ಹಿತ್ತಲಿಂದ ಗಂಡ ಬಂದು ಬಾಗಿಲಲ್ಲಿ ನಿಂತ. ಅವನ ಹಿಂದೆ ಹಗ್ಗ ಹಿಡಿದ ನಾಲ್ಕು ಜನ.

"ಆಯ್ತಲ್ಲ, ಇಡೀ ಊರಿಗೇ ಗೊತ್ತಾಯ್ತು," ಎಂದ. "ಸಾಕು ಬಿಡೇ. ಒಲೆ ಏರಿಸೋಣ್ವಾ?"

ಸೊಸೆ ಬ್ರೆಡ್ ಜೋಡಿಸಿದ್ದ ಹಲಗೆಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಇನ್ನೂ ಹನ್ನೆರಡು ಬ್ರೆಡ್ ಇವೆ," ಎಂದಳು.